ಪಟೇಲರ ಬೀಜದ ಹೋರಿ

ಊರಿಗೆ ಇನ್ನೂ ಟ್ರಾಕ್ಟರ್ ಬಾರದ ಕಾಲ. ಪಟೇಲ ಪುಟ್ಟಮಾದಪ್ಪನವರಿಗೆ ಮಕ್ಕಳಿರಲಿಲ್ಲ. ತಪ್ಪು ಹೆಂಡತಿಯದೇ ಎಂದು ಅವರು ನಂಬಿದ್ದರು. ಆಗ ಎಲ್ಲರೂ ಹಾಗೇ ನಂಬುತ್ತಿದ್ದರು.

ಒಂದು ದಿನ ದನ ಕಾಯುವ ಆಳನ್ನು ಕರೆದರು. "ಲೇ, ಇವಳನ್ನ ತವರಿಗೆ ಬಿಟ್ಟು, ನನಗೊಂದು ಹೊಸ ಹೆಣ್ಣು ನೋಡ್ಕೊಂಡು ಬಾ."

"ಆಗ್ಲಿ ಬುದ್ಧಿ. ಹೋದ ವರ್ಷ ನಮ್ಮ ಹಸುಗಳು ಒಂದೂ ಗಬ್ಬ ಆಗ್ಲಿಲ್ಲ. ಎಲ್ಲಾನೂ ಮಾರಿದ್ರಾ?"

"ಹಸು ಯಾಕೋ ಮಾರ್ಲಿ? ಹೋರಿ ಬದಲಾಯಿಸ್ದೆ."

"ಹಾಗಾದ್ರೆ ನಾನೀಗ ಹೆಣ್ಣು ನೋಡ್ಲೋ, ಗಂಡು ನೋಡ್ಲೋ, ಬುದ್ಧಿ?"

ಅಡುಗೆಮನೆಯಲ್ಲಿ ಅಮ್ಮಾವ್ರು ಕಿಸಕ್ಕನೆ ನಕ್ಕರು. ಪಟೇಲರ ಮೀಸೆ ಅದುರಿತು.

ಮರುದಿನ ಗಾಡಿ ಹೋದದ್ದು ಡಾಕ್ಟರ ಬಳಿಗೆ. ಅವರು ಪಟೇಲರಿಗೆ ಬೀಡಿ, ಸಾರಾಯಿ, ಸುಡುನೀರಿನ ಸ್ನಾನ ಎಲ್ಲ ಬಿಡಿಸಿದರು. ಇವು ಗಂಡಸಿನ ಬೀಜಶಕ್ತಿ ಕುಗ್ಗಿಸುತ್ತವಂತೆ.

ಮುಂದಿನ ವರ್ಷ ತೊಟ್ಟಿಲು ಕಟ್ಟಿದರು. ಅದರಲ್ಲಿ ಮಲಗಿದ್ದವರು ನಮ್ಮಪ್ಪ.