ರಾಣಿಯ ವೀಣೆ, ಚಿನ್ನದ ವೈರು

ಇದನ್ನ ಯಾರ ಹತ್ರಾನೂ ಹೇಳ್ಬೇಡ ಅಂದಿದ್ರು ನಮ್ಮ ದೊಡ್ಡಪ್ಪ. ಅವರ ಸ್ಪೀಕರ್ ಹಿಂದೆಯೂ ಹೆಬ್ಬಾವಿನಂಥ ದುಬಾರಿ ವೈರೊಂದಿದೆ, ಅದಕ್ಕೆ. ಆದ್ರೂ ಹೇಳ್ತೀನಿ, ಮೆತ್ತಗೆ.

ಹೊಂಬಾಳೆಪುರದಲ್ಲಿ ಒಂದಿನ ಡಂಗುರ ಬಿತ್ತು.

"ಕೇಳ್ರಪ್ಪೋ ಕೇಳಿ! ಮಹಾರಾಜರು ಮೂರು ಒಗಟು ಹಾಕ್ತಾರೆ. ಬಿಡಿಸಿದೋರು ಏನು ಕೇಳಿದ್ರೂ ಕೊಡ್ತಾರೆ. ಒಂದು ತಪ್ಪಿದ್ರೂ ತಲೆ ಹೋಗುತ್ತೆ!"

ಕೌದಿ ಹೊಲಿಯೋ ಕೆಂಚಣ್ಣನ ಕೈಲಿ ಸೂಜಿ ಹಾಗೇ ನಿಂತೋಯ್ತು. ವಿಷಯ ಊರಿಗೆಲ್ಲ ಗೊತ್ತಿತ್ತು. ತೀರ್ಕೊಂಡ ರಾಣಿ ವೀಣೆ ನುಡಿಸ್ಕೊಂಡು ಹಾಡಿದ ಹಾಡು ರಾಜನ ಮ್ಯೂಸಿಕ್ ಸಿಸ್ಟಮ್‌ನಲ್ಲಿತ್ತು. ವ್ಯಾಪಾರಿಯೊಬ್ಬ ಬಂದು, "ಮಾಮೂಲಿ ಕರೆಂಟ್ ವೈರಲ್ಲಿ ರಾಣಿಯಮ್ಮನ ದನಿಗೆ ಉಸಿರು ಕಟ್ತಿದೆ ಪ್ರಭು" ಅಂತ ಚಿನ್ನದ ವೈರು ಕೊಟ್ಟು, ರಾಣಿಯ ಗೆಜ್ಜೆ ತಗೊಂಡು ಹೋಗಿದ್ದ. ಈಗ ವಜ್ರದ ವೈರು ತರ್ತಾನಂತೆ. ಬದಲಿಗೆ ವೀಣೆ ಬೇಕಂತೆ.

"ವೈರಿಂದ ಏನೂ ಆಗಲ್ಲ ಅಪ್ಪಾಜಿ," ಅಂದ್ಲು ರಾಜಕುಮಾರಿ ಪದುಮಲೆ.

"ಕಿವಿ ಇರೋರು ಹೇಳ್ಲಿ," ಅಂತ ರಾಜ ಒಗಟು ಕಟ್ಟಿದ್ದ.

ಕೆಂಚಣ್ಣ ಚಿಕ್ಕೋನಿದ್ದಾಗ ಅರಮನೆ ಗೋಡೆಗೊರಗಿ ಆ ವೀಣೆ ಕೇಳ್ತಾನೇ ನಿದ್ದೆ ಹೋಗ್ತಿದ್ದ. ಅದು ಹೋಗ್ಬಿಡುತ್ತೆ ಅಂದಾಗ ಸೂಜಿ ಸಿಕ್ಕಿಸಿಟ್ಟು ಎದ್ದ.

"ನಿನ್ನ ತಲೆ ಹೋದ್ರೆ ದಿಂಬು ಹೊಲಿಯೋರ್ಯಾರೋ?" ಅಂದ್ಲು ಅವ್ವ.

"ತಲೇನೇ ಇಲ್ದೋನಿಗೆ ದಿಂಬ್ಯಾಕವ್ವ?" ಅಂತ ನಕ್ಕು ಹೊರಟ.

ಕೌದಿಯೋರಿಗೆ ಹಿತ್ತಿಲ ಬಾಗ್ಲೇ ದಾರಿ. ಅಲ್ಲೊಂದು ಕರು ಕಟ್ಟಿತ್ತು. ಅದರ ಹಗ್ಗ ಬಿಸಿಲಿಗೆ ಪಳಪಳ ಅಂತಿತ್ತು. ಕರುವಿನ ಕತ್ತು ಸವರಿ ಒಳಗೆ ಹೋದ.

ರಾಜ ಮೊದಲ್ನೇದು ಕೇಳ್ತಿದ್ದ. "ಕಾಡು ಮೇಡು ದಾಟಿ ಕಂಬದಿಂದ ಕಂಬಕ್ಕೆ ಬರಿಗಾಲಲ್ಲಿ ಬರ್ತಾಳೆ. ಕೊನೇ ಮಾರು ಮಾತ್ರ ಚಿನ್ನದ ಪಲ್ಲಕ್ಕೀಲಿ ಬರ್ತಾಳೆ. ಯಾರು?"

"ಮದುವಣಗಿತ್ತಿ!" ಅಂದ ಸೇನಾಪತಿ. ಮಾರನೇ ದಿನ ತಲೆ ತೆಗೆಯೋಕೆ ಅಂತ ಅವನನ್ನ ಸೆರೆಮನೆಗೆ ಎಳ್ಕೊಂಡು ಹೋದ್ರು.

"ಕರೆಂಟು," ಅಂದ ಸಂಗೀತದ ವಿದ್ವಾಂಸ.

ಕೆಂಚಣ್ಣಾನೂ ಅದನ್ನೇ ಅಂದ. ಆಮೇಲೆ ಮೆಲ್ಲಗೆ, "ಆದ್ರೆ ಪಲ್ಲಕ್ಕಿ ಅವಳು ಕೇಳಿದ್ದಲ್ಲ ಬುದ್ಧೀ," ಅಂತ ಸೇರಿಸ್ದ. ಪದುಮಲೆ ನಗು ತಡೆಯೋಕೆ ತುಟಿ ಕಚ್ಕೊಂಡ್ಲು.

"ಅದೇ ಹಾಡು, ಅದೇ ಪೆಟ್ಟಿಗೆ, ಅದೇ ವೈರು. ಬೆಳಿಗ್ಗೆ ಸಪ್ಪೆ, ಸಂಜೆಗೆ ಕಣ್ಣೀರು. ಬದಲಾಗಿದ್ದೇನು?" ಅಂತ ರಾಜ ಎರಡನೇದು ಕೇಳ್ದ.

"ಹವೆ ಪ್ರಭು, ಹವೆ!" ಅಂದ ವಿದ್ವಾಂಸ. ಅವನೂ ಸೆರೆಮನೆಗೆ ಹೋದ.

"ಕೇಳೋರು," ಅಂದ ಕೆಂಚಣ್ಣ.

ರಾಜ ಅವನನ್ನ ದಿಟ್ಟಿಸಿ ನೋಡಿ ಪರದೆ ಎಳೆಸಿದ. "ಈಗ ಹಾಡು ಎರಡು ಸಲ ಬರುತ್ತೆ. ಪರದೆ ಹಿಂದೆ ನನ್ನ ಮಗಳು ವೈರು ಬದಲಾಯಿಸ್ತಾಳೆ. ಚಿನ್ನದ್ದು ಯಾವ ಸಲ ಇತ್ತು?"

ಹಾಡು ಬಂತು, ಮತ್ತೆ ಬಂತು. ಕೆಂಚಣ್ಣಂಗೆ ಎರಡು ಸಲಾನೂ ಗೋಡೆಗೊರಗಿದ ಹಾಗೇ ಆಯ್ತು. ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಏನೋ ಒಂದು ಹೇಳಿ ತಲೆ ಉಳಿಸ್ಕೊಳ್ಲಾ ಅಂದ್ಕೊಂಡ. ಆಗ ಕರು ನೆನಪಾಯ್ತು.

"ಎರಡು ಸಲಾನೂ ಇರ್ಲಿಲ್ಲ ಬುದ್ಧೀ. ಅದ್ರಲ್ಲಿ ಹಿತ್ತಿಲಲ್ಲಿ ಕರು ಕಟ್ಟಿದಾರೆ."

ಪದುಮಲೆ ಪರದೆಯಿಂದ ಆಚೆ ಬಂದ್ಲು. "ನಿಜ ಅಪ್ಪಾಜಿ. ವೈರು ಬಂದ ವಾರಕ್ಕೇ ನಾನು ತೆಗೆದುಬಿಟ್ಟೆ. ಅವತ್ತಿಂದ ನೀವು ಕೇಳ್ತಿರೋದು ಹಳೇದ್ರಲ್ಲೇ."

ರಾಜನ ಮುಖ ಕೆಂಪಾಯ್ತು, ಆಮೇಲೆ ಬಾಡ್ತು. "ಹಾಗಾದ್ರೆ ನಾನು ಅತ್ತಿದ್ದೆಲ್ಲ ಸುಳ್ಳಾ?"

ಕೆಂಚಣ್ಣಂಗೆ ತಲೆ ಹೋಗೋ ಭಯಕ್ಕಿಂತ ಆ ಮುಖ ನೋಡೋದೇ ಕಷ್ಟ ಆಯ್ತು. "ವೈರು ಬರೋ ಮುಂಚೆ ಈ ಹಾಡನ್ನ ಹೆಂಗೆ ಕೇಳ್ತಿದ್ರಿ ಬುದ್ಧೀ?"

"ಊಟ ಮಾಡ್ತಾ... ಮಂತ್ರಿ ಹತ್ರ ಮಾತಾಡ್ತಾ..."

"ಬಂದ್ಮೇಲೆ?"

"ಬಾಗ್ಲು ಹಾಕ್ಕೊಂಡು. ಕಣ್ಣು ಮುಚ್ಕೊಂಡು."

"ಅಷ್ಟೇ ಬುದ್ಧೀ. ಅಳು ನಿಮ್ದೇ. ದನಿ ರಾಣಿಯಮ್ಮಂದೇ."

ರಾಜ ಕಣ್ಣೊರೆಸ್ಕೊಂಡ. "ಏನು ಬೇಕು, ಕೇಳಪ್ಪ."

"ವೀಣೆ ಇಲ್ಲೇ ಇರ್ಲಿ. ಸೆರೆಯಲ್ಲಿರೋ ಆ ಇಬ್ರೂ ಮನೆಗೆ ಹೋಗ್ಲಿ."

"ನಿನಗೆ?"

ಕೆಂಚಣ್ಣ ಪದುಮಲೆ ಕಡೆ ನೋಡಿ ತಲೆ ತಗ್ಗಿಸ್ದ. "ಇನ್ನೊಂದ್ಸಲ ಹಾಡು."

ರಾಜ ಎಲ್ಲರನ್ನೂ ಕಳಿಸಿ, ತಾನೇ ಎದ್ದು ಬಾಗ್ಲು ಹಾಕ್ದ. "ಇನ್ಮೇಲೆ ಗೋಡೆ ಆಚೆ ಅಲ್ಲ, ಇಲ್ಲೇ ಕೂತು ಕೇಳು." ಪದುಮಲೆ ಚಾಪೆ ಮೇಲೆ ಸರಿದು ಜಾಗ ಮಾಡಿದ್ಲು.

ಹಾಡು ಶುರುವಾಯ್ತು. ಅಷ್ಟರಲ್ಲಿ ಬಾಗ್ಲು ದಬದಬ ಅಂತು.

"ಪ್ರಭು! ವಜ್ರದ ವೈರು ತಂದಿದೀನಿ! ಪ್ರಭೂ!"

ಒಳಗೆ ರಾಣಿ ಎರಡನೇ ಚರಣ ಎತ್ಕೊಂಡ್ಲು. ಯಾರೂ ಏಳ್ಲಿಲ್ಲ.