ಮೂಗೆತ್ತುವ ವಿಮಾನ

ಕಪಿಲಾ ನದಿಯ ದಂಡೆಯಲ್ಲಿ ಒಬ್ಬ ಗುರುಗಳಿದ್ದರು. ಹೆಸರು ಪುಟ್ಟಮಾದಪ್ಪ. ಮೂವತ್ತು ವರ್ಷ ವಾಯುಪಡೆಯಲ್ಲಿ ವಿಮಾನ ಹಾರಿಸುವುದನ್ನು ಕಲಿಸಿ, ನಿವೃತ್ತರಾಗಿ ಬಂದು, ಹೊಳೆದಡದ ಹಳೆಯ ಕೊಟ್ಟಿಗೆಯೊಂದರಲ್ಲಿ ಆಶ್ರಮ ಹೂಡಿದ್ದರು.

ಅವರ ಬಗ್ಗೆ ಸುತ್ತಮುತ್ತ ಬಹಳ ಸುಳ್ಳು ಹಬ್ಬಿದೆ. ಕೊಕ್ಕರೆಗಳಿಗೆ ನೀರಿನ ಮೇಲೆ ಇಳಿಯುವುದನ್ನು ಕಲಿಸಿದವರೇ ಅವರು ಎನ್ನುತ್ತಾರೆ. ನಂಬಬೇಡಿ. ಕೊಕ್ಕರೆಗಳಿಗೆ ಮೊದಲೇ ಬರುತ್ತಿತ್ತು. ಇವರು ತಿದ್ದಿದರು, ಅಷ್ಟೆ. ನಾನು ಹೇಳಿದ್ದನ್ನು ಮಾತ್ರ ನಂಬಿ. ಇಡೀ ತಾಲ್ಲೂಕಿನಲ್ಲಿ ನನ್ನಷ್ಟು ಕಡಿಮೆ ಸುಳ್ಳು ಹೇಳುವವರು ಇನ್ನೊಬ್ಬರಿಲ್ಲ.

ಆಶ್ರಮದಲ್ಲಿ ವಿಮಾನ ಇರಲಿಲ್ಲ. ಒಂದು ಕಂಪ್ಯೂಟರು, ಒಂದು ಅಗಲ ಪರದೆ, ಗುಜರಿಯಿಂದ ತಂದ ಬಸ್ಸಿನ ಡ್ರೈವರ್ ಸೀಟು, ಒಂದು ಹಳೆಯ ಜಾಯ್‌ಸ್ಟಿಕ್ಕು. ಅಂಗೈಗೆ ಹಿಡಿಸುವ ಆ ಕೋಲನ್ನು ಮುಂದಕ್ಕೆ ತಳ್ಳಿದರೆ ಪರದೆಯೊಳಗಿನ ವಿಮಾನ ಮೂಗು ತಗ್ಗಿಸುತ್ತಿತ್ತು. ಹಿಂದಕ್ಕೆಳೆದರೆ ಮೂಗೆತ್ತುತ್ತಿತ್ತು. ಬಿಟ್ಟರೆ ಕೋಲು ತಾನೇ ನಡುವಿಗೆ ಬಂದು ನಿಲ್ಲುತ್ತಿತ್ತು.

ನಿಯಮ ಎರಡೇ. ಕೂರುವವರು ಜಾಯ್‌ಸ್ಟಿಕ್ಕನ್ನು ತಾವೇ ಕಂಪ್ಯೂಟರಿಗೆ ಸಿಕ್ಕಿಸಿಕೊಳ್ಳಬೇಕು, ಏಳುವಾಗ ಕಿತ್ತಿಡಬೇಕು. ಏನಾದರೂ ಕೆಟ್ಟರೆ, ಯಾಕೆ ಕೆಟ್ಟಿತೆಂದು ತಾವೇ ಕಂಡುಕೊಳ್ಳಬೇಕು. ಗುರುಗಳು ವೈರು ಮುಟ್ಟುತ್ತಿರಲಿಲ್ಲ.

ಒಂದು ಬುಧವಾರ ದಾಕ್ಷಾಯಿಣಿ ಎಂಬ ಯುವತಿ ಬಂದಳು. ವಿಮಾನ ಶಾಲೆಯೊಂದರ ವಿದ್ಯಾರ್ಥಿನಿ.

“ಗುರುಗಳೇ, ಸೋಮವಾರ ನನ್ನ ಕೊನೇ ಪರೀಕ್ಷೆ. ಹೋದ ಸಲ ಇಳಿಸುವಾಗ ನೆಲ ಹತ್ತಿರ ಬಂತು. ಹೆದರಿ ಕೋಲನ್ನ ಎಳ್ಕೊಂಡುಬಿಟ್ಟೆ. ವಿಮಾನ ಮೂಗೆತ್ತಿ ಗಾಳಿಯಲ್ಲಿ ನಿಂತೇಬಿಡ್ತು. ಪಕ್ಕದಲ್ಲಿದ್ದ ಶಿಕ್ಷಕರು ಕಿತ್ಕೊಳ್ಳದೆ ಹೋಗಿದ್ರೆ ಇಬ್ಬರೂ ಇರ್ತಿರಲಿಲ್ಲ.”

“ಈ ಸಲವೂ ಹಾಗೇ ಆದರೆ?”

“ಶಾಲೆಯಿಂದ ಹೆಸರು ತೆಗೀತಾರೆ. ಆಮೇಲೆ ಜನ್ಮದಲ್ಲಿ ಹಾರೋದಿಲ್ಲ ನಾನು.”

ಗುರುಗಳು ಮೂಲೆಯ ಕಡೆ ಕೈ ತೋರಿಸಿದರು.

“ಕೋಲು ಅಲ್ಲಿದೆ.”

ಗುರುವಾರ ಬೆಳಿಗ್ಗೆ ಮಿಂದು, ಮಡಿಯುಟ್ಟು ಬಂದು ಕೂತಳು. ಸಿಕ್ಕಿಸಿದಳು. ಕಂಪ್ಯೂಟರು ಅಂಥದ್ದೊಂದು ವಸ್ತು ಭೂಮಿಯ ಮೇಲೆ ಇಲ್ಲವೇ ಇಲ್ಲವೆಂಬಂತೆ ಸುಮ್ಮನಿತ್ತು.

ಕಿತ್ತು ಸಿಕ್ಕಿಸಿದಳು. ಕಂಪ್ಯೂಟರನ್ನು ಆರಿಸಿ ಹಚ್ಚಿದಳು. ಅದರ ಹೊಟ್ಟೆಯಲ್ಲಿದ್ದ ಪ್ರೋಗ್ರಾಮನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದಳು. ಮಧ್ಯಾಹ್ನವಾಯಿತು.

“ಗುರುಗಳೇ, ಜಾಯ್‌ಸ್ಟಿಕ್ಕು ಕೆಟ್ಟೋಗಿದೆ.”

“ಊಟಕ್ಕೆ ಬಾ.”

ಊಟದ ಕೊನೆಯಲ್ಲಿ ಗುರುಗಳು ನಾಲ್ಕು ಲೋಟ ಸಾಲಾಗಿ ಇಟ್ಟರು. ಇದ್ದ ಅರ್ಧ ಲೋಟ ಮಜ್ಜಿಗೆಯನ್ನು ನಾಲ್ಕಕ್ಕೂ ಹನಿಸಿ, ಒಂದನ್ನು ಅವಳತ್ತ ಸರಿಸಿದರು.

“ಕುಡಿ.”

ಅವಳು ಲೋಟ ಎತ್ತಿ ಬಗ್ಗಿಸಿದಳು. ನಾಲಗೆಗೆ ಬರುವಷ್ಟರಲ್ಲಿ ಮುಗಿದಿತ್ತು.

“ಇದರಲ್ಲಿ ಗಂಟಲೂ ನೆನೆಯಲ್ಲ, ಗುರುಗಳೇ.”

“ಹಂಗಾದ್ರೆ ಮಜ್ಜಿಗೆ ಕೆಟ್ಟಿದೆ ಅನ್ನು.”

ಅವಳು ಲೋಟಗಳನ್ನು ನೋಡಿದಳು. ಎದ್ದು ಕೊಟ್ಟಿಗೆಗೆ ಓಡಿದಳು.

ಮೇಜಿನ ಕೆಳಗೆ ಒಂದಕ್ಕೆ ನಾಲ್ಕು ಬಾಯಿ ಮಾಡಿಕೊಡುವ ಪುಟ್ಟ ಡಬ್ಬಿಯಿತ್ತು. ಅದರಲ್ಲೊಂದು ಪುಟಾಣಿ ಫ್ಯಾನು, ಒಂದು ದೀಪ, ಹಿರಿಯ ಶಿಷ್ಯ ಶಿವರುದ್ರನ ಮೊಬೈಲು. ನಾಲ್ಕನೆಯ ಬಾಯಿಗೆ ಅವಳ ಜಾಯ್‌ಸ್ಟಿಕ್ಕು. ಒಂದು ಬಾಯಿಗೆ ಬರುವ ಕರೆಂಟು ನಾಲ್ಕಕ್ಕೂ ಹಂಚಿಹೋಗುತ್ತಿತ್ತು. ಕೋಲನ್ನು ಕಿತ್ತು ನೇರವಾಗಿ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದಳು.

ಟಿಣ್ ಎಂದಿತು. ಪರದೆಯಲ್ಲಿ ಹೆಸರು ಮೂಡಿತು.

“ಗುರುತು ಸಿಕ್ತು!” ಎಂದು ಕೂಗಿದಳು.

“ಕೋಲು ಇದೆ ಅಂತ ಅದಕ್ಕೆ ಗೊತ್ತಾಗಿದೆ,” ಎಂದರು ಗುರುಗಳು. “ಗುರುತು ಹಿಡಿಯೋದು ಬೇರೆ.”

ಆ ಮಾತಿನ ಬಿಸಿ ಶುಕ್ರವಾರ ತಟ್ಟಿತು.

ವಿಮಾನ ನೆಲ ಬಿಟ್ಟದ್ದೇ ತಡ, ಮೂಗೆತ್ತಿತು. ಅವಳು ಎಳೆಯಲಿಲ್ಲ. ಎಳೆಯಬಾರದೆಂದು ತನಗೆ ತಾನೇ ಹೇಳಿಕೊಳ್ಳುತ್ತಲೇ ಇದ್ದಳು. ಆದರೂ ಮೂಗು ಮೇಲೆ, ಮೇಲೆ, ಇನ್ನೂ ಮೇಲೆ. ಆಮೇಲೆ ಕಲ್ಲು ಬಿದ್ದ ಹಾಗೆ ಕೆಳಗೆ.

ಆ ದಿನ ಅವಳು ಹದಿನೇಳು ಸಲ ಸತ್ತಳು. ಮತ್ತೆ ಹುಟ್ಟಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಒತ್ತಿ ಒತ್ತಿ ಆ ಗುಂಡಿಯ ಮೇಲಿನ ಅಕ್ಷರ ಅಳಿಸಿಹೋಯಿತು. ಇದು ಸುಳ್ಳೆನ್ನುವವರು ಬಂದು ನೋಡಲಿ.

ಪ್ರತಿ ಸಲವೂ ಕಿತ್ತು, ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ ಸಿಕ್ಕಿಸಿದಳು. ಶ್ರದ್ಧೆ ಹೆಚ್ಚಿದಂತೆಲ್ಲ ಮೂಗು ಇನ್ನಷ್ಟು ಮೇಲೇರಿತು.

ಶಿವರುದ್ರ ಬಾಗಿಲಿಗೊರಗಿ ಕಡಲೆಕಾಯಿ ತಿನ್ನುತ್ತ ನೋಡುತ್ತಿದ್ದ. ಎಂಟು ವರ್ಷದಿಂದ ಅಲ್ಲಿದ್ದವನು. ನಿಜವಾದ ವಿಮಾನ ಹತ್ತುವ ಆಸೆ ಅವನಿಗಿರಲಿಲ್ಲ. ಏಣಿಯ ಮೂರನೇ ಮೆಟ್ಟಿಲಿಗೇ ತಲೆ ಸುತ್ತುತ್ತಿತ್ತು.

“ಏಳವ್ವ, ನಾನೊಂದು ಕೈ ನೋಡ್ತೀನಿ.”

ಅವಳು ಕಿತ್ತಿಟ್ಟು ಎದ್ದಳು. ಅವನು ಬಾಯಿ ಆಡಿಸುತ್ತಲೇ, ಮಿಕ್ಸಿಯ ವೈರು ಚುಚ್ಚುವವನಂತೆ ಚುಚ್ಚಿ, ಸಿಪ್ಪೆ ಉದುರಿಸಿ, ಕೋಲು ಹಿಡಿದ. ಏರಿದ. ಹೊಳೆಯ ಮೇಲೊಂದು ಸುತ್ತು ಹಾಕಿದ. ಹೂವಿನ ಹಾಗೆ ಇಳಿಸಿದ.

“ನನ್ನ ಕೈಲಿ ಸರಿಯಾಗೈತಲ್ಲ?”

“ಒಂಚೂರೂ ಮೂಗೆತ್ತಲಿಲ್ಲವಾ?”

“ಎತ್ತಿದ್ರೆ ಕಡಲೆಕಾಯಿ ಚೆಲ್ತಿತ್ತು.”

ಅವಳು ಮುಖ ಆಚೆ ತಿರುಗಿಸಿದಳು. ಅವನ ನಗುವೂ ಅಲ್ಲಿಗೇ ನಿಂತಿತು.

ಶನಿವಾರ ಅವಳು ಉಪಾಯ ಕಂಡುಕೊಂಡಳು. ಕೋಲನ್ನು ಸದಾ ಮುಂದಕ್ಕೆ ತಳ್ಳಿ ಹಿಡಿದರೆ ವಿಮಾನ ನೇರ ಹೋಗುತ್ತಿತ್ತು. ಭುಜ ನೋಯುವವರೆಗೆ ತಳ್ಳಿಕೊಂಡೇ ಹಾರಿದಳು. ತಳ್ಳಿಕೊಂಡೇ ಇಳಿಸಿದಳು. ಒಂದು ಸಲ. ಎರಡು ಸಲ. ಆರು ಸಲ.

“ಗುರುಗಳೇ! ಆರಕ್ಕೆ ಆರೂ ಇಳೀತು!”

ಗುರುಗಳು ಬಂದು ಹಿಂದೆ ನಿಂತರು. ಏಳನೆಯದನ್ನು ನೋಡಿದರು.

“ಸೋಮವಾರವೂ ಹೀಗೇ ತಳ್ತೀಯಾ?”

“ಹ್ಞೂಂ, ಗುರುಗಳೇ.”

“ಆ ವಿಮಾನಕ್ಕೆ ಈ ಕಾಯಿಲೆ ಇಲ್ಲವಲ್ಲ. ಅಲ್ಲಿ ತಳ್ಳಿದರೆ ಏನಾಗುತ್ತೆ?”

ಅವಳ ಮುಖದ ಬಣ್ಣ ಇಳಿಯಿತು.

“ನೆಲಕ್ಕೆ ಹೊಡೀತೀನಿ.”

“ಪಕ್ಕದವರನ್ನೂ ಕರ್ಕೊಂಡು.”

ಅವಳು ಕೋಲು ಬಿಟ್ಟು, ಎರಡೂ ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು. ಎದ್ದು ಹೋಗಿ ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು.

ಗುರುಗಳು ಬಾಗಿಲಲ್ಲಿ ನಿಂತರು.

“ಎಲ್ಲಿಗೆ?”

“ಮನೆಗೆ. ನನ್ನ ಕೈಯೇ ಸರಿ ಇಲ್ಲ, ಗುರುಗಳೇ. ಅಲ್ಲೂ ಮೂಗೆತ್ತಿದೆ, ಇಲ್ಲೂ ಮೂಗೆತ್ತುತ್ತೆ. ಶಿವರುದ್ರಣ್ಣ ಹಿಡಿದರೆ ಸರಿ, ನಾನು ಹಿಡಿದರೆ ಇಲ್ಲ. ಇನ್ನೊಬ್ಬರ ಜೀವ ತೆಗೆಯೋಕೆ ಯಾಕೆ ಹೋಗಲಿ?”

“ಹೋಗು. ಹೋಗೋ ಮುಂಚೆ ಒಂದು ಸಲ ಹಾರಿಸು. ಕೈ ಸರಿ ಇಲ್ಲ ಅಂದ್ಯಲ್ಲ, ಮೇಲೆ ಹೋದಮೇಲೆ ಆ ಕೈ ತೆಗೆದುಬಿಡು.”

ಅವಳು ಬಂದು ಕೂತಳು. ಏರಿದಳು. ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಮೂಗು ಮೇಲೆದ್ದಿತು.

“ಈಗ ಎಳೀತಿರೋದು ಯಾರ ಕೈ?”

ಅವಳು ಪರದೆಯನ್ನು ನೋಡಿದಳು. ಮಡಿಲಲ್ಲಿದ್ದ ಕೈಗಳನ್ನು ನೋಡಿದಳು. ಪರದೆಯೊಳಗೆ ವಿಮಾನ ಬಿದ್ದು ಚೂರಾಯಿತು.

“ಯಾರದೂ ಅಲ್ಲ,” ಎಂದಳು ಮೆಲ್ಲಗೆ.

“ಬೆಳಿಗ್ಗೆ ಬಂದು ಕೂತಾಗಿಂದ ಏನೇನು ಮಾಡಿದೆ, ಮಾಡಿ ತೋರಿಸು. ಏನೂ ಬಿಡಬೇಡ.”

ಅವಳು ಜಾಯ್‌ಸ್ಟಿಕ್ಕನ್ನು ಕಿತ್ತಳು. ಹೊರಗೆ ಹೋಗಿ ಕಾಲು ತೊಳೆದು ಬಂದಳು. ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಬಾಗಿ, ಕೋಲಿನ ತುದಿಗೆ ಹಣೆಯೂರಿ ನಮಸ್ಕಾರ ಮಾಡಿದಳು. ಹಣೆಯನ್ನು ಹಾಗೇ ಇಟ್ಟುಕೊಂಡು, ತಡವಿಕೊಂಡು ವೈರು ಸಿಕ್ಕಿಸಿದಳು. ಟಿಣ್ ಎಂದಿತು. ಆಮೇಲೆ ತಲೆ ಎತ್ತಿದಳು.

“ಇಷ್ಟೇ, ಗುರುಗಳೇ. ಅನ್ನ ಕೊಡೋ ಸಾಮಾನಿಗೆ ಕೈಮುಗಿಯದೆ ಮುಟ್ಟಬಾರದು ಅಂತ ಅಪ್ಪ ಹೇಳ್ಕೊಟ್ಟಿದ್ದು. ಅವರು ಹೊಲಿಗೆ ಮೆಷೀನಿಗೂ ಹಣೆ ಇಟ್ಟೇ ಕೂರೋರು.”

ಗುರುಗಳು ಅವಳ ಹತ್ತಿರ ಬಂದು ತಲೆಯ ಮೇಲೆ ಕೈಯಿಟ್ಟರು. ಆಶೀರ್ವಾದವೆಂದುಕೊಂಡು ಅವಳು ಕಣ್ಣು ಮುಚ್ಚಿದಳು. ಕೈ ಮೆಲ್ಲಗೆ ಭಾರವಾಯಿತು. ಅವಳ ಕತ್ತು ಬಾಗಿ, ಗಲ್ಲ ಎದೆಗೆ ತಾಗಿತು.

“ಕಣ್ಣು ಬಿಡು. ಏನು ಕಾಣ್ತಿದೆ?”

“ನನ್ನ ಮಂಡಿ.”

“ನೀನು ಈಗಷ್ಟೇ ಹುಟ್ಟಿದ್ದೀಯ ಅಂದ್ಕೋ. ಹುಟ್ಟಿದಾಗ ಎದುರಿಗೆ ಕಂಡದ್ದೇ ನಿನಗೆ ನೇರ. ಈಗ ನೇರ ಯಾವುದು?”

“ಮಂಡಿ.”

ಗುರುಗಳು ಕೈ ತೆಗೆದರು. ಅವಳ ತಲೆ ತಾನಾಗಿ ಮೇಲೆ ಬಂತು. ಎದುರಿಗೆ ಗೋಡೆ.

“ಮಂಡಿ ನೇರ ಆದರೆ, ಈ ಗೋಡೆ ಎಲ್ಲಿದೆ?”

“ಆಕಾಶದಲ್ಲಿ,” ಎಂದವಳು ತಟ್ಟನೆ ಜಾಯ್‌ಸ್ಟಿಕ್ಕಿನ ಕಡೆ ತಿರುಗಿದಳು.

ಕೋಲನ್ನು ಬೆರಳಿಂದ ಮುಂದಕ್ಕೊತ್ತಿ ಬಿಟ್ಟಳು; ಅದು ತಾನೇ ನಡುವಿಗೆ ಬಂತು.

“ಸಿಕ್ಕಿಸಿದ ಕ್ಷಣ ಕೋಲು ಎಲ್ಲಿರುತ್ತೋ ಅದನ್ನೇ ಕಂಪ್ಯೂಟರು ನಡು ಅಂದುಕೊಳ್ಳುತ್ತೆ,” ಎಂದಳು. “ನಾನು ಹಣೆಯಿಂದ ಮುಂದಕ್ಕೆ ತಳ್ಳಿದ್ದೆ. ತಲೆ ಎತ್ತಿದ ಮೇಲೆ ಕೋಲು ತನ್ನ ಜಾಗಕ್ಕೆ ಬಂತು. ಇದಕ್ಕೆ ಮಾತ್ರ ಯಾರೋ ಹಿಂದಕ್ಕೆ ಎಳೀತಿದ್ದಾರೆ ಅನ್ನಿಸ್ತು.”

ಬಾಗಿಲ ಬಳಿ ಶಿವರುದ್ರ ಗೊಣಗಿದ: “ಅಂದ್ರೆ ನನಗೆ ಭಕ್ತಿ ಇಲ್ಲದ್ದೇ ಒಳ್ಳೇದಾಯ್ತು ಅನ್ನಿ.”

“ನಿನಗೆ ಕಡಲೆಕಾಯಿ ಮೇಲಿದೆಯಲ್ಲೋ ಭಕ್ತಿ,” ಎಂದರು ಗುರುಗಳು.

ಅವಳು ನಗಲಿಲ್ಲ.

“ಹಾಗಾದರೆ ನಮಸ್ಕಾರ ಮಾಡಿದ್ದೇ ತಪ್ಪಾ, ಗುರುಗಳೇ?”

“ನಮಸ್ಕಾರ ತಪ್ಪಲ್ಲ ಕಣವ್ವ. ಕೋಲು ಕಣ್ಣು ಬಿಡೋ ಹೊತ್ತಲ್ಲಿ ಅದರ ಮೇಲೆ ನಿನ್ನ ಭಾರ ಹಾಕಬೇಡ.”

ಅವಳು ವೈರು ಕಿತ್ತಳು. ಕೋಲಿನಿಂದ ಒಂದು ಮೊಳ ದೂರ ಸರಿದು ಕೈಮುಗಿದಳು. ಕೋಲು ಅಲುಗಾಡದೆ ನಿಲ್ಲುವವರೆಗೆ ಕಾದಳು. ಸಿಕ್ಕಿಸಿದಳು.

ಏರಿದಳು. ಮೂಗು ದಿಗಂತದ ಮೇಲೆ ಸಮನಾಗಿ ನಿಂತಿತು.

ಬ್ಯಾಗಿನಿಂದ ಬಟ್ಟೆ ಹೊರಗೆ ಬಂತು.

ಭಾನುವಾರ ಬೆಳಿಗ್ಗೆ ಅವಳು ಸೀಟಿನಲ್ಲಿ ಕೂರದೆ ಗುರುಗಳ ಮುಂದೆ ಬಂದು ನಿಂತಳು.

“ಇಲ್ಲಿ ಕಂಪ್ಯೂಟರಿಗೆ ತಪ್ಪು ತಿಳಿದಿತ್ತು, ಸರಿಯಾಯಿತು. ಅಲ್ಲಿ ಎಳೆದವಳು ನಾನೇ ಅಲ್ಲವಾ? ನಾಳೆ ನೆಲ ಹತ್ತಿರ ಬಂದಾಗ ಈ ಕೈ ಮತ್ತೆ ಬಿಗಿದರೆ ಏನು ಮಾಡಲಿ?”

“ಹಾರಿಸು, ನೋಡೋಣ.”

ಅವಳು ಹಾರಿಸಿ, ಸುತ್ತು ಹಾಕಿ, ಇಳಿಯುವ ದಾರಿಗೆ ಬಂದಳು. ದೂರದಲ್ಲಿ ರನ್‌ವೇ ಕಂಡಿತು. ಗೆಣ್ಣುಗಳು ಬೆಳ್ಳಗಾದವು.

“ಬಿಡು,” ಎಂದರು ಗುರುಗಳು.

“ಈಗಲಾ? ಬಿದ್ದೋಗುತ್ತೆ!”

“ಹದಿನೆಂಟು ಸಲ ಬಿದ್ದಿದ್ದೀಯ. ಹತ್ತೊಂಬತ್ತನೇದಕ್ಕೆ ಏನು ಸಂಕೋಚ?”

ಅವಳು ಬಿಟ್ಟಳು.

ವಿಮಾನ ಬೀಳಲಿಲ್ಲ. ಒಮ್ಮೆ ಸಣ್ಣಗೆ ತೂಗಿ, ತಾನೇ ಹದಕ್ಕೆ ಬಂದು, ಅದೇ ದಾರಿಯಲ್ಲಿ ಇಳಿಯುತ್ತ ಹೋಯಿತು. ಅವಳು ಉಸಿರು ಹಿಡಿದು ನೋಡುತ್ತಿದ್ದಳು.

“ಇಷ್ಟು ದಿನ ನಾನು ಹಿಡ್ಕೊಂಡಿದ್ದಕ್ಕೇ ಇದು ಮೇಲಿದೆ ಅಂದ್ಕೊಂಡಿದ್ದೆ.”

“ಅದಕ್ಕೂ ಹಾರೋಕೆ ಬರುತ್ತೆ. ನಿನ್ನ ಕೈಲಿ ಆಗಬೇಕಾದ್ದು ಕೊನೇಲಿ ಒಂದು ಚೂರು. ಅಲ್ಲೀವರೆಗೆ ಎರಡು ಬೆರಳು ಸಾಕು.”

ಆ ದಿನ ಸಂಜೆಯವರೆಗೆ ಅವಳು ಎರಡು ಬೆರಳಲ್ಲಿ ಹಾರಿಸಿದಳು.

ಸೋಮವಾರ ಬೆಳಿಗ್ಗೆ ಹೋದಳು.

ಮಧ್ಯಾಹ್ನ ಶಿವರುದ್ರ ಊಟ ಬಡಿಸಿದ. ಗುರುಗಳು ಎಲೆಯ ಮುಂದೆ ಕೂತು ಅನ್ನ ಕಲಸಿ ಹಾಗೇ ಬಿಟ್ಟರು. ಕೈ ತೊಳೆದುಕೊಂಡು ಹೋಗಿ ಹೊಳೆಯ ದಂಡೆಯಲ್ಲಿ ನಿಂತರು. ನಾಲ್ಕು ಗಂಟೆಯಾದರೂ ಅಲ್ಲೇ ನಿಂತಿದ್ದರು. ಶಿವರುದ್ರ ಎರಡು ಸಲ ಕರೆದ. ತಿರುಗಲಿಲ್ಲ.

ಐದು ಗಂಟೆಗೆ ಅವಳು ಬಂದಳು. ನಡೆದು ಬರಲಿಲ್ಲ, ಓಡಿ ಬಂದಳು.

“ನೆಲ ಹತ್ತಿರ ಬಂದಾಗ ಕೈ ಬಿಗೀತು, ಗುರುಗಳೇ. ಬಿಗಿದದ್ದು ಗೊತ್ತಾಯ್ತು. ಬೆರಳು ಸಡಿಲ ಮಾಡಿದೆ. ಒಂದು ಉಸಿರಿನಷ್ಟು ಹೊತ್ತು. ವಿಮಾನ ತಾನೇ ಸಮ ಆಯ್ತು. ಆಮೇಲೆ ಇಳಿಸಿದೆ.”

“ಶಿಕ್ಷಕರು ಏನಂದರು?”

“ಏನೂ ಅನ್ನಲಿಲ್ಲ. ಬಾಗಿಲು ತೆಗೆದು ಕೆಳಗಿಳಿದರು. ‘ಇನ್ನೊಂದು ಸುತ್ತು ಒಬ್ಬಳೇ ಹೋಗಿ ಬಾ’ ಅಂದರು. ಪಕ್ಕದ ಸೀಟು ಖಾಲಿ, ಗುರುಗಳೇ. ಒಬ್ಬಳೇ ಹೋದೆ. ಒಬ್ಬಳೇ ಬಂದೆ.”

ಅಷ್ಟು ಹೇಳಿದ್ದೇ ಅವಳು ಮರಳಿನಲ್ಲಿ ಕುಸಿದು, ಗುರುಗಳ ಎರಡೂ ಪಾದಗಳನ್ನು ತಬ್ಬಿ ಹಿಡಿದು, ಹಣೆಯೂರಿ ಅತ್ತಳು.

“ಇನ್ನು ಈ ಪಾದ ಬಿಡಲ್ಲ. ನನಗೆ ನೀವೇ ದಿಕ್ಕು.”

ಗುರುಗಳು ಬಾಗಿ ಅವಳ ಭುಜ ಹಿಡಿದರು. ಆಮೇಲೆ ಮೆಲ್ಲಗೆ ಹೇಳಿದರು:

“ಭಾರ ಬಿಡು ಮಗಳೇ, ಹಣೆ ಎತ್ತು. ನಾನು ಎಲ್ಲಿ ನಿಂತಿದ್ದೀನಿ ಅಂತ ನನಗೂ ಗೊತ್ತಾಗಲಿ.”