ಬಜಾರಿ ಕೋಳಿಗೆ ಮದ್ದು

ಚೇರ್ಮನ್ ಕರಿಗೌಡರ ಹಿತ್ತಲಲ್ಲಿ ಜುಟ್ಟಿ ಅಂತ ಒಂದು ಕ್ರಾಸ್ ಕೋಳಿಯಿತ್ತು. ಇಡುತ್ತಿದ್ದದ್ದು ಪಾಚಿ ಬಣ್ಣದ ಚೆಂದದ ಮೊಟ್ಟೆ, ಬುದ್ಧಿ ಮಾತ್ರ ಬಜಾರಿಯದು. ಬೇರೆ ಕೋಳಿಗಳನ್ನು ಕಾಳಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಗೌಡರ ಕಾಲನ್ನೇ ಕುಕ್ಕಿತು.

"ಎಲ್ಲರ ಮೇಲೂ ಜೋರು ಮಾಡೋರಿಗೆ ಈ ಮನೇಲಿ ಜಾಗ ಇಲ್ಲ. ನಾಳೆ ಕುಯ್ದು ಸಾರು ಮಾಡು!" ಎಂದು ಗೌಡರು ಗುಡುಗಿದರು.

ಕೋಳಿ ನೋಡಿಕೊಳ್ಳುವ ಸಣ್ಣತಾಯಿ ಓಡಿ ಬಂದು ಅಡ್ಡ ನಿಂತಳು. ಜುಟ್ಟಿಯನ್ನು ಮರಿಯಿಂದ ಸಾಕಿದವಳು ಅವಳೇ.

"ಕುಯ್ಯೋದು ಬ್ಯಾಡಿ ಬುದ್ದಿ. ನಾಕು ದಿನ ನಮ್ಮನೇಲಿ ಕೂಡಾಕ್ತೀನಿ. ಅಷ್ಟರಲ್ಲಿ ಮಿಕ್ಕವು ನೆಮ್ಮದಿಯಾಗಿ ತಿನ್ನೋದು ಕಲೀತವೆ. ತಿರುಗಿ ಬಂದಾಗ ಇವಳ ದರ್ಬಾರು ಯಾರೂ ಕೇಳಕಿಲ್ಲ."

ಹಾಗೇ ಆಯಿತು. ವಾಪಸು ಬಂದ ಜುಟ್ಟಿ ಎಲ್ಲದರ ಹಿಂದೆ ನಿಂತು ತೆಪ್ಪಗೆ ಕಾಳು ತಿಂದಿತು.

"ನೋಡಿದ್ಯಾ, ನನ್ನ ಮನೆ ಶಿಸ್ತು!" ಎಂದು ಬೀಗಿದ ಗೌಡರು, ಮರುಗಳಿಗೆಯೇ ಕಾಫಿ ಆರಿದೆ ಅಂತ ಹೆಂಡತಿಯ ಮೇಲೆ ಹಾರಾಡಿದರು.

ಸಣ್ಣತಾಯಿ ಕಾಳು ಚೆಲ್ಲುತ್ತಲೇ ಕೇಳಿದಳು: "ಅಮ್ಮಾವ್ರೇ, ಬುದ್ದಿಯೋರನ್ನ ಅವರಕ್ಕ ನಾಕು ದಿನ ಇದ್ದೋಗು ಅಂತ ಕರೀತಿದ್ರಲ್ವಾ?"

ಗೌಡರ ಹೆಂಡತಿ ಸೀದಾ ಒಳಗೆ ಹೋಗಿ ಗಂಡನ ಬ್ಯಾಗು ತಂದಿಟ್ಟರು.

ಗೌಡರು ಬ್ಯಾಗು ನೋಡಿದರು. ಮೂಲೆಯಲ್ಲಿ ನಿಂತ ಜುಟ್ಟಿಯನ್ನು ನೋಡಿದರು. ಲೋಟ ಎತ್ತಿ ಒಂದು ಗುಟುಕು ಕುಡಿದು, "ಆರಿದ ಕಾಫೀನೇ ರುಚಿ ಕಣೇ" ಎಂದರು.